ಮನೆಯ ಶೆಡ್ಡಿನಲ್ಲಿ ಜಿಪ್ಸಿ ಎಂಜಿನ್ ಕಟ್ಟುವುದು: ಪ್ರತಿ ಹಂತದಲ್ಲೂ ಕೈಯಿಂದ ತಿರುಗಿಸಿ ನೋಡಿ

ಎಂಜಿನ್ ಕಟ್ಟಿ ಮುಗಿಸಿ, ಗಾಡಿಗೆ ಇಳಿಸಿ, ಚಾವಿ ತಿರುಗಿಸಿದ ಮೇಲೆ ನನಗೆ ಫೋನ್ ಮಾಡುವವರ ಮಾತು ಹೆಚ್ಚುಕಡಿಮೆ ಒಂದೇ. ‘ಆಯಿಲ್ ಲೈಟ್ ಆರ್ತಾನೇ ಇಲ್ಲ.’ ‘ಸ್ಟಾರ್ಟ್ ಆಯ್ತು, ಹತ್ತು ನಿಮಿಷಕ್ಕೆ ಜಾಮ್ ಆಯ್ತು.’ ‘ಹೊಸ ರಿಂಗ್ ಹಾಕಿದ್ರೂ ನೀಲಿ ಹೊಗೆ ಬರ್ತಿದೆ.’ ಬಿಚ್ಚಿ ನೋಡಿದರೆ ಕಾರಣವೂ ಬಹುಪಾಲು ಒಂದೇ: ಬೋಲ್ಟ್ ಬಿಗಿಯುವುದರಲ್ಲಿ ತಪ್ಪಿರುವುದಿಲ್ಲ, ಬಿಗಿಯುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಬಿಟ್ಟುಹೋಗಿರುತ್ತದೆ.

ಈ ಬರಹವನ್ನು ಮಾರುತಿ ಜಿಪ್ಸಿಯ ಜಿ13ಬಿಬಿ ಎಂಜಿನ್ನಿಗೆ ಸೀಮಿತ ಮಾಡಿದ್ದೇನೆ. ಇದು 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್‌ಗಳ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75.5 ಮಿ.ಮೀ. ಅಲ್ಯೂಮಿನಿಯಂ ಬ್ಲಾಕ್, ಒಳಗೆ ಬೀಡುಕಬ್ಬಿಣದ ಲೈನರ್ (ಸಿಲಿಂಡರಿನ ಒಳಗೋಡೆ). ಸವೆದ ಎಂಜಿನ್ ಇಳಿಸಿ, ಅದೇ ಮಾದರಿಯ ಇನ್ನೊಂದು ಬ್ಲಾಕ್ ತಂದು, ಮನೆಯಲ್ಲೇ ಕಟ್ಟಿ ಏರಿಸುವವರಿಗಾಗಿ ಇದು. ಕ್ರಮ ಬೇರೆ ಎಂಜಿನ್‌ಗಳಿಗೂ ಹೊಂದುತ್ತದೆ, ಅಂಕಿಗಳು ಹೊಂದುವುದಿಲ್ಲ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಇಡೀ ಕೆಲಸಕ್ಕೆ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿ ಭಾಗ ಕೂರಿಸಿದ ಮೇಲೆ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಕೈಯಿಂದ ತಿರುಗಿಸುವುದು. ಹಿಂದಿನ ಸಲಕ್ಕಿಂತ ಒಮ್ಮೆಲೇ ಭಾರವಾದರೆ ಅಲ್ಲಿಗೇ ನಿಲ್ಲಿಸುವುದು, ಕೊನೆಗೆ ಹಾಕಿದ್ದನ್ನು ಬಿಚ್ಚುವುದು. ಇದನ್ನು ಪಾಲಿಸಿದವರು ಎರಡನೇ ಸಲ ಎಂಜಿನ್ ಇಳಿಸುವ ಪ್ರಸಂಗ ಕಡಿಮೆ.

ಶುರುವಿಗೆ ಮೊದಲು: ಎಂಜಿನ್ ಮತ್ತು ಕಾಗದ

ಬೆಂಗಳೂರಿನ ಶಿವಾಜಿನಗರದಲ್ಲೋ ನಿಮ್ಮೂರಿನ ಗುಜರಿಯಲ್ಲೋ ಹಳೇ ಎಂಜಿನ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಎಂಜಿನ್ ನಂಬರ್. ಅಕ್ಷರಗಳ ಸುತ್ತ ಉಜ್ಜಿದ ಗುರುತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ನಂಬರ್ ನಮೂದಿಸಿದ ಬಿಲ್ ಮತ್ತು ಅದು ಯಾವ ಗಾಡಿಯಿಂದ ಬಂತೋ ಅದರ ಆರ್‌ಸಿ ಪ್ರತಿ ಕೇಳಿ ಪಡೆಯಿರಿ. ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಡಿ ಬರುತ್ತದೆ. ಆರ್‌ಟಿಓ ಅನುಮತಿ ಮೊದಲೇ ಪಡೆದು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಅನುಮತಿ ಇಲ್ಲದೆ ಬದಲಾಗಿದ್ದರೆ 14 ದಿನದೊಳಗೆ ತಿಳಿಸಬೇಕು. ಅಪಘಾತವಾಗಿ ವಿಮೆ ಕೇಳುವ ದಿನ ಈ ಒಂದು ಸಾಲು ಇಲ್ಲದೆ ಒದ್ದಾಡಿದವರನ್ನು ಕಂಡಿದ್ದೇನೆ.

ಎಸ್ಟೀಮ್‌ನ ಎಂಜಿನ್ ತರುವವರಿಗೆ ಒಂದು ಮಾತು. ಅದೂ ಜಿ13ಬಿಬಿಯೇ, ಆದರೆ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದ. ಹಾಗಾಗಿ ಆಯಿಲ್ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಸ್ಟ್ರೈನರ್ ಪೈಪ್ (ಅಲ್ಲಿಂದ ಆಯಿಲ್ ಹೀರುವ ಜಾಲರಿ ಪೈಪ್), ಮೌಂಟಿಂಗ್ ಬ್ರಾಕೆಟ್, ಫ್ಲೈವೀಲ್ ಇವುಗಳನ್ನು ನಿಮ್ಮ ಹಳೇ ಜಿಪ್ಸಿ ಎಂಜಿನ್ನಿನಿಂದ ಬಿಚ್ಚಿಟ್ಟುಕೊಳ್ಳಿ. ಹೊಸ ಎಂಜಿನ್ ಗಾಡಿಯಲ್ಲಿ ಓಡುವ ತನಕ ಹಳೆಯದರ ಒಂದು ಬೋಲ್ಟನ್ನೂ ಗುಜರಿಗೆ ಹಾಕಬೇಡಿ.

ಬೇಕಾದ ಸಾಮಾನು

ಸ್ಪ್ಯಾನರ್, ಸಾಕೆಟ್ ಸೆಟ್ ಎಲ್ಲರ ಹತ್ತಿರವೂ ಇರುತ್ತದೆ. ಜನ ತಪ್ಪಿಸಿಕೊಳ್ಳುವುದು ಅಳತೆಯ ಸಾಮಾನಿನಲ್ಲಿ. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್), ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಪ್ಲಾಸ್ಟಿಗೇಜ್ (ಬೇರಿಂಗ್ ಸಂದು ಅಳೆಯುವ ಮೆತ್ತನೆ ಎಳೆ), ನೇರ ಉಕ್ಕಿನ ಪಟ್ಟಿ, ರಿಂಗ್ ಕಂಪ್ರೆಸರ್, ರಿಂಗ್ ಎಕ್ಸ್‌ಪ್ಯಾಂಡರ್, ಕಂಪ್ರೆಷನ್ ಗೇಜ್ ಇಷ್ಟು ಕೈಯಲ್ಲಿರಲೇಬೇಕು. ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ನಿಮ್ಮಲ್ಲಿಲ್ಲದಿದ್ದರೆ ಬೋರಿಂಗ್ ಅಂಗಡಿಯಲ್ಲಿ ಎದುರಿಗೆ ನಿಂತು ಅಳೆಸಿ, ಬರೆದುಕೊಳ್ಳಿ. ಬಾಯಿಮಾತಿನ ‘ಸರಿಯಾಗಿದೆ’ಯನ್ನು ಅಳತೆಯೆಂದು ಒಪ್ಪಬೇಡಿ.

ಎಂಜಿನ್ ಸ್ಟ್ಯಾಂಡ್ ಇದ್ದರೆ ಕೆಲಸ ಅರ್ಧ ಹಗುರ. ಎತ್ತಲು ಒಂದು ಟನ್ನಿನ ಚೈನ್ ಬ್ಲಾಕ್ ಬೇಕು. ಅದನ್ನು ಹೆಂಚಿನ ಮನೆಯ ತೊಲೆಗೆ ಕಟ್ಟುವುದು ನಮ್ಮ ಮಲೆನಾಡಿನಲ್ಲಿ ವಾಡಿಕೆ, ದಯವಿಟ್ಟು ಬೇಡ. ಮಳೆಗಾಲದಲ್ಲಿ ತೇವ ಕುಡಿದ ಹಳೇ ತೊಲೆ ಯಾವಾಗ ಸೀಳುತ್ತದೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಕಬ್ಬಿಣದ ಗರ್ಡರ್ ಅಥವಾ ಬಾಡಿಗೆ ಕ್ರೇನ್ ಬಳಸಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯೂ ಹೋಗಬಾರದು.

ಇನ್ನೊಂದು ಸಾಮಾನು ನೂರು ಪುಟದ ನೋಟ್‌ಬುಕ್. ಪ್ರತಿ ಸಿಲಿಂಡರಿಗೆ ಒಂದು ಪುಟ.

ಹಂತ 1: ತೊಳೆಯುವುದು

ಕಡೆಗಣಿಸಿದರೆ ಅತಿ ಹೆಚ್ಚು ಎಂಜಿನ್ ಕೊಲ್ಲುವ ಹಂತ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಬೋರಿಂಗ್ ಅಂಗಡಿಯಿಂದ ಬಂದ ಬ್ಲಾಕ್ ಹೊಳೆಯುತ್ತಿರುತ್ತದೆ, ಆದರೆ ಶುದ್ಧವಾಗಿರುವುದಿಲ್ಲ. ಹೋನಿಂಗ್ (ಲೈನರ್ ಗೋಡೆ ಉಜ್ಜುವ) ಕಲ್ಲಿನ ಪುಡಿ ಲೈನರಿನ ಗೀರುಗಳಲ್ಲಿ ಕೂತಿರುತ್ತದೆ. ಡೀಸೆಲ್, ಸೀಮೆಎಣ್ಣೆ ಅದನ್ನು ಮೇಲಿಂದ ಸವರಿಕೊಂಡು ಹೋಗುತ್ತವೆಯೇ ಹೊರತು ಎಬ್ಬಿಸುವುದಿಲ್ಲ. ಮೊದಲು ಡೀಸೆಲ್‌ನಲ್ಲಿ ಜಿಡ್ಡು ತೆಗೆಯಿರಿ, ಆಮೇಲೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಪ್ರತಿ ಬೋರನ್ನು ಬ್ರಷ್ ಹಾಕಿ ತಿಕ್ಕಿ.

ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿ) ಪ್ಲಗ್‌ಗಳನ್ನು ಬಿಚ್ಚಿ, ಉದ್ದನೆಯ ಬ್ರಷ್ ಆ ತುದಿಯಿಂದ ಈ ತುದಿಗೆ ಹಾಯಿಸಿ. ಕ್ರ್ಯಾಂಕಿನೊಳಗಿನ ಆಯಿಲ್ ತೂತುಗಳಿಗೂ ಹೀಗೇ. ಹಿಂದಿನ ಎಂಜಿನ್ನಿನಲ್ಲಿ ಬೇರಿಂಗ್ ಹೋಗಿದ್ದರೆ ಅದರ ಚೂರು ಇಲ್ಲೇ ಅಡಗಿರುತ್ತದೆ, ಹೊಸ ಬೇರಿಂಗನ್ನು ಮೊದಲ ದಿನವೇ ತಿನ್ನುತ್ತದೆ.

ತೊಳೆದಾಯಿತೋ ಇಲ್ಲವೋ ಎಂಬುದಕ್ಕೆ ಒಂದು ಪರೀಕ್ಷೆ ಇದೆ. ಬಿಳಿ ಹತ್ತಿ ಬಟ್ಟೆಗೆ ಎರಡು ಹನಿ ಎಂಜಿನ್ ಆಯಿಲ್ ಹಾಕಿ ಬೋರಿನೊಳಗೆ ಒರೆಸಿ. ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಮತ್ತೆ ಸೋಪು, ಮತ್ತೆ ನೀರು. ನನಗೆ ಸಾಮಾನ್ಯವಾಗಿ ನಾಲ್ಕನೇ ಸಲಕ್ಕೆ ಬಟ್ಟೆ ಬಿಳಿಯಾಗಿ ಬರುತ್ತದೆ. ಕೂಡಲೇ ಗಾಳಿ ಹೊಡೆದು ಒಣಗಿಸಿ, ಲೈನರಿಗೆ ಆಯಿಲ್ ಸವರಿ, ಪ್ಲಾಸ್ಟಿಕ್ ಚೀಲ ಹೊದಿಸಿ. ಜೂನ್ ಜುಲೈ ತಿಂಗಳ ಸಕಲೇಶಪುರದ ಗಾಳಿಯಲ್ಲಿ ಒದ್ದೆ ಲೈನರ್ ಒಂದು ಮಧ್ಯಾಹ್ನಕ್ಕೇ ಕೆಂಪಗಾಗುತ್ತದೆ.

ಬನಿಯನ್ ವೇಸ್ಟ್ (ಒರೆಸಲು ಬಳಸುವ ಬಟ್ಟೆ ಚೂರು) ಈ ಹಂತದಿಂದಾಚೆಗೆ ಶೆಡ್ಡಿನಲ್ಲಿ ಇರಬಾರದು. ಅದರ ಎಳೆಗಳು ಸ್ಟ್ರೈನರಿನ ಜಾಲರಿಗೆ ಹೋಗಿ ಕೂರುತ್ತವೆ.

ಕೊನೆಯದಾಗಿ ಬೋಲ್ಟ್ ತೂತುಗಳು. ಕುರುಡು ತೂತಿನ ತಳದಲ್ಲಿ ನೀರೋ ಆಯಿಲೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿಯಿರದೆ ಅಲ್ಯೂಮಿನಿಯಂ ಸೀಳುತ್ತದೆ. ಒಂದೊಂದಕ್ಕೂ ಗಾಳಿ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ.

ಹಂತ 2: ಅಳೆಯುವುದು, ಆಮೇಲೆ ಕೊಳ್ಳುವುದು

ಬಹಳ ಜನ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಪೂರ್ತಿ ಕಿಟ್ ತಂದಿಟ್ಟುಕೊಂಡು ಆಮೇಲೆ ಅಳೆಯುತ್ತಾರೆ. ಕ್ರಮ ಉಲ್ಟಾ ಆಯಿತು. ಮೊದಲು ಬೋರ್ ಅಳೆಯಿರಿ: ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ. ಸವೆತ ಕಂಡರೆ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಎಂದು ತೀರ್ಮಾನಿಸಿ, ಪಿಸ್ಟನ್ ಕೊಂಡು, ಆ ಪಿಸ್ಟನ್‌ಗಳ ಸಮೇತ ಬ್ಲಾಕನ್ನು ಬೋರಿಂಗಿಗೆ ಕೊಡಿ. ಬೋರನ್ನು ಪಿಸ್ಟನ್ ನೋಡಿ ಕೊರೆಯಬೇಕು, ಡಬ್ಬದ ಮೇಲಿನ ಅಂಕಿ ನೋಡಿ ಅಲ್ಲ. ಪಿಸ್ಟನ್ನಿಗೂ ಗೋಡೆಗೂ ನಡುವೆ 0.02ರಿಂದ 0.04 ಮಿ.ಮೀ. ಸಂದು ಇರಬೇಕು. ಯಾವ ಪಿಸ್ಟನ್ ಯಾವ ಬೋರಿಗೆ ಎಂದು ಅಂಗಡಿಯವರಿಂದಲೇ ಮೇಲೆ ಬರೆಸಿಕೊಳ್ಳಿ.

ಹೆಡ್ (ಬ್ಲಾಕಿನ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಮೇಲೆ ಉಕ್ಕಿನ ಪಟ್ಟಿಯನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. 0.05 ಮಿ.ಮೀ. ಫೀಲರ್ ಒಳಗೆ ನುಸುಳಿದರೆ ಹೆಡ್ ಫೇಸಿಂಗ್ (ಮಟ್ಟಸ ಮಾಡುವುದು) ಆಗಬೇಕು. ಬ್ಲಾಕಿನ ಮೇಲ್ಮೈಯನ್ನೂ ಹೀಗೇ ನೋಡಿ. ಒಮ್ಮೆ ಬಿಸಿಯೇರಿ ನಿಂತ ಎಂಜಿನ್ನಾದರೆ ಈ ಎರಡು ನಿಮಿಷದ ಕೆಲಸವೇ ಮುಂದೆ ಹೆಡ್ ಗ್ಯಾಸ್ಕೆಟ್ಟನ್ನು ಉಳಿಸುವುದು.

ಹಂತ 3: ಕ್ರ್ಯಾಂಕ್ ಕೂರಿಸುವುದು

ಶೆಲ್‌ಗಳ (ಕ್ರ್ಯಾಂಕ್ ತಿರುಗುವ ಅರ್ಧವೃತ್ತದ ಬೇರಿಂಗ್ ತುಂಡುಗಳು) ಬೆನ್ನು ಮತ್ತು ಅವು ಕೂರುವ ಜಾಗ ಒಣಗಿ, ಚೊಕ್ಕವಾಗಿರಬೇಕು. ಬೆನ್ನಿಗೆ ಆಯಿಲ್ ಹಚ್ಚಬಾರದು. ಆಯಿಲ್ ಗೀರು ಇರುವ ಅರ್ಧ ಬ್ಲಾಕಿನ ಕಡೆಗೆ, ಗೀರಿಲ್ಲದ ಅರ್ಧ ಕ್ಯಾಪಿಗೆ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ತುಂಡು). ಅದಲುಬದಲಾದರೆ ಆಯಿಲ್ ದಾರಿ ಮುಚ್ಚಿಹೋಗುತ್ತದೆ.

ಮೊದಲ ಸಲ ಕೂರಿಸುವುದು ಅಳತೆಗೆ ಮಾತ್ರ. ಕ್ರ್ಯಾಂಕ್ ಇಳಿಸಿ, ಪ್ರತಿ ಜರ್ನಲ್ (ಕ್ರ್ಯಾಂಕ್ ಬೇರಿಂಗಿನಲ್ಲಿ ಕೂರುವ ಜಾಗ) ಮೇಲೆ ಪ್ಲಾಸ್ಟಿಗೇಜ್ ಎಳೆ ಉದ್ದಕ್ಕೆ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಬಿಗಿಯಿರಿ, ಬಿಚ್ಚಿ, ಚಪ್ಪಟೆಯಾದ ಅಗಲ ನೋಡಿ. ಸಂದು 0.02ರಿಂದ 0.04 ಮಿ.ಮೀ. ಬಂದರೆ ಒಳ್ಳೆಯದು. 0.06 ದಾಟಿದರೆ ಆ ಶೆಲ್ ಬೇಡ. ಈ ಒಂದು ಹೊತ್ತಿನಲ್ಲಿ ಮಾತ್ರ ಕ್ರ್ಯಾಂಕ್ ತಿರುಗಿಸಬಾರದು, ಎಳೆ ಸವರಿಹೋಗಿ ಅಳತೆ ಸುಳ್ಳಾಗುತ್ತದೆ.

ಈಗ ನಿಜವಾದ ಜೋಡಣೆ. ಶೆಲ್ ಮುಖಕ್ಕೆ ಧಾರಾಳವಾಗಿ ಆಯಿಲ್. ಮೂರನೇ ಜರ್ನಲ್‌ನ ಎರಡೂ ಪಕ್ಕ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಬಿಲ್ಲೆ), ಅವುಗಳ ಗೀರು ಕ್ರ್ಯಾಂಕಿನ ಕಡೆ ಮುಖ ಮಾಡಿರಬೇಕು. ಕ್ಯಾಪ್‌ಗಳ ಮೇಲಿನ ಬಾಣ ಕ್ರ್ಯಾಂಕ್ ಪುಲ್ಲಿ ಕಡೆಗೆ, ಅಂಕಿ ಆ ಕಡೆಯಿಂದಲೇ 1ರಿಂದ 5. ನಡುವಿನ ಕ್ಯಾಪಿನಿಂದ ಶುರು ಮಾಡಿ ಹೊರಗೆ ಹೋಗುತ್ತಾ ಮೂರು ಸುತ್ತಿನಲ್ಲಿ 50ರಿಂದ 57 ನ್ಯೂಟನ್ ಮೀಟರಿಗೆ ತನ್ನಿ.

ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ. ಪಿಸ್ಟನ್ ಇಲ್ಲದ ಕ್ರ್ಯಾಂಕ್ ಎರಡು ಬೆರಳಿಗೆ ತಿರುಗಬೇಕು, ಬಿಟ್ಟ ಮೇಲೂ ಕೊಂಚ ತಾನೇ ಸಾಗಬೇಕು.

ನಾನು ಕಟ್ಟಿದ ಮೊದಲ ಎಂಜಿನ್ನಿನಲ್ಲಿ ನಾಲ್ಕನೇ ಕ್ಯಾಪ್ ಬಿಗಿದಾಗ ಕ್ರ್ಯಾಂಕ್ ಭಾರವಾಯಿತು. ಹೊಸ ಬೇರಿಂಗ್ ಅಲ್ಲವೇ, ಓಡಿದರೆ ಸಡಿಲವಾಗುತ್ತದೆ ಅಂದುಕೊಂಡು ಮುಂದೆ ಹೋದೆ. ಮುನ್ನೂರು ಕಿಲೋಮೀಟರಿಗೆ ತಳದಿಂದ ಗುದ್ದುವ ಸದ್ದು ಬಂತು. ಬಿಚ್ಚಿದಾಗ ಆ ಶೆಲ್ಲಿನ ಬೆನ್ನಿಗೆ ಬಟ್ಟೆಯ ಒಂದೇ ಒಂದು ಎಳೆ ಅಂಟಿಕೊಂಡಿತ್ತು, ಎದುರು ಮುಖದಲ್ಲಿ ಅದೇ ಜಾಗ ಉಗುರಿನಷ್ಟು ಅಗಲ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕ್ರ್ಯಾಂಕನ್ನು 0.25 ಮಿ.ಮೀ. ಕಡಿಮೆ ಅಳತೆಗೆ ಗ್ರೈಂಡ್ ಮಾಡಿಸಬೇಕಾಯಿತು. ಭಾರವಾದಾಗಲೇ ಎರಡು ಬೋಲ್ಟ್ ಬಿಚ್ಚಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು.

ಕೊನೆಗೆ ಕ್ರ್ಯಾಂಕನ್ನು ಮುಂದಕ್ಕೂ ಹಿಂದಕ್ಕೂ ನೂಕಿ ಥ್ರಸ್ಟ್ ಸಂದು ನೋಡಿ: 0.11ರಿಂದ 0.31 ಮಿ.ಮೀ. 0.38 ದಾಟಿದರೆ ದಪ್ಪ ವಾಷರ್ ಬೇಕು. ಇದನ್ನು ಬಿಟ್ಟರೆ ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕ್ ಓಡಾಡುತ್ತದೆ.

ಹಂತ 4: ರಿಂಗ್ ಮತ್ತು ಪಿಸ್ಟನ್

ಪ್ರತಿ ರಿಂಗನ್ನೂ ಅದು ಹೋಗುವ ಬೋರಿನಲ್ಲೇ ಅಳೆಯಬೇಕು. ರಿಂಗ್ ಒಳಗಿಟ್ಟು, ಪಿಸ್ಟನ್ನನ್ನು ತಲೆಕೆಳಗೆ ಹಿಡಿದು ಕೆಳಕ್ಕೆ ನೂಕಿದರೆ ಅದು ನೇರ ಕೂರುತ್ತದೆ. ತುದಿಗಳ ನಡುವಿನ ಸಂದು ಮೇಲಿನ ರಿಂಗಿಗೆ 0.20ರಿಂದ 0.33, ಎರಡನೆಯದಕ್ಕೆ 0.20ರಿಂದ 0.35 ಮಿ.ಮೀ. ಸಂದು ಕಡಿಮೆಯಿದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ತಾಗಿ ರಿಂಗ್ ಮುರಿಯುತ್ತದೆ. ಸಣ್ಣ ಅರದಿಂದ ತುದಿಯನ್ನು ನೇರವಾಗಿ, ಸ್ವಲ್ಪ ಸ್ವಲ್ಪವೇ ಉಜ್ಜಿ. ಜಾಸ್ತಿಯಿದ್ದರೆ ಸೈಜೇ ತಪ್ಪಿದೆ, ಅಂಗಡಿಗೆ ವಾಪಸ್ ಕೊಡಿ.

ರಿಂಗನ್ನು ಪಿಸ್ಟನ್ನಿಗೆ ಏರಿಸುವಾಗ ಎಕ್ಸ್‌ಪ್ಯಾಂಡರ್ ಬಳಸಿ, ಬೆರಳಲ್ಲಿ ಅಗಲಿಸಬೇಡಿ. ಅಕ್ಷರ ಕೊರೆದ ಮುಖ ಮೇಲೆ. ಹೊಸ ರಿಂಗ್ ಹಾಕಿದ ಮೇಲೂ ನೀಲಿ ಹೊಗೆ ಬಂದವರಲ್ಲಿ ಎಷ್ಟೋ ಜನ ಎರಡನೇ ರಿಂಗನ್ನು ಮಗುಚಿ ಹಾಕಿರುತ್ತಾರೆ. ಆಗ ಅದು ಆಯಿಲನ್ನು ಕೆಳಕ್ಕೆ ಬಾಚುವ ಬದಲು ಮೇಲಕ್ಕೆ ಒಯ್ಯುತ್ತದೆ. ಆಯಿಲ್ ರಿಂಗಿನ ನಡುವಿನ ಸ್ಪ್ರಿಂಗ್ ಪಟ್ಟಿಯ ತುದಿಗಳು ಎದುರುಬದುರು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ರಿಂಗ್‌ಗಳ ಬಾಯಿಗಳನ್ನು ಸುತ್ತಲೂ ಹಂಚಿ, ಒಂದೇ ಸಾಲಿಗೆ ಬರದಂತೆ, ಪಿಸ್ಟನ್ ಪಿನ್ನಿನ ನೇರಕ್ಕೂ ಬರದಂತೆ ನೋಡಿಕೊಳ್ಳಿ.

ಪಿಸ್ಟನ್ ತಲೆಯ ಮೇಲಿನ ಬಾಣ ಕ್ರ್ಯಾಂಕ್ ಪುಲ್ಲಿ ಕಡೆಗೆ. ಕನೆಕ್ಟಿಂಗ್ ರಾಡ್ ಬೋಲ್ಟುಗಳಿಗೆ ಪೆಟ್ರೋಲ್ ಪೈಪಿನ ಎರಡು ತುಂಡು ತೊಡಿಸಿ, ಇಲ್ಲದಿದ್ದರೆ ಅದರ ಥ್ರೆಡ್ ಕ್ರ್ಯಾಂಕ್ ಪಿನ್ನನ್ನು ಗೀರುತ್ತದೆ. ಬೋರ್, ರಿಂಗ್, ಕಂಪ್ರೆಸರ್ ಮೂರಕ್ಕೂ ಆಯಿಲ್ ಹಾಕಿ, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಇಳಿಸಿ. ‘ಟಕ್’ ಎಂದು ನಿಂತರೆ ಒಂದು ರಿಂಗ್ ಹೊರಗೆ ಜಾರಿದೆ ಎಂದರ್ಥ. ಇನ್ನೊಂದು ಪೆಟ್ಟು ಹಾಕಿದಿರೋ, ರಿಂಗ್ ಹೋಯಿತು. ಪೂರ್ತಿ ಹೊರತೆಗೆದು ಮತ್ತೆ ಶುರು ಮಾಡಿ.

ಬಿಗ್ ಎಂಡ್ (ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯ) ಬೇರಿಂಗಿಗೂ ಪ್ಲಾಸ್ಟಿಗೇಜ್ ಅಳತೆ ತಪ್ಪಿಸಬೇಡಿ: 0.02ರಿಂದ 0.05, ಮಿತಿ 0.08 ಮಿ.ಮೀ. ಯಾವ ರಾಡಿನ ಕ್ಯಾಪ್ ಅದಕ್ಕೇ, ಮೊದಲಿದ್ದ ಮುಖಕ್ಕೇ. ನಟ್ ಬಿಗಿತ 33ರಿಂದ 37 ನ್ಯೂಟನ್ ಮೀಟರ್. ಒಂದು ಪಿಸ್ಟನ್, ಆಮೇಲೆ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು, ಆಮೇಲೆ ಮುಂದಿನ ಪಿಸ್ಟನ್. ರಿಂಗುಗಳ ಒತ್ತಡಕ್ಕೆ ಪ್ರತಿ ಸಲವೂ ತಿರುಗಿಸುವುದು ಸ್ವಲ್ಪ ಭಾರವಾಗುತ್ತಾ ಹೋಗುತ್ತದೆ, ಅದು ಸಹಜ. ಮುಳ್ಳಿರುವ ಟಾರ್ಕ್ ರೆಂಚ್ ಇದ್ದರೆ ತಿರುಗಿಸಲು ಬೇಕಾದ ಬಲ ಎಷ್ಟೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು, ಎರಡು, ಮೂರನೇ ಪಿಸ್ಟನ್ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಏರಿಸಿ, ನಾಲ್ಕನೆಯದು ಒಮ್ಮೆಲೇ ದುಪ್ಪಟ್ಟು ಏರಿಸಿದರೆ ತಪ್ಪು ನಾಲ್ಕರಲ್ಲಿದೆ. ಹುಡುಕುವ ಕಷ್ಟವೇ ಇಲ್ಲ. ನಾಲ್ಕನ್ನೂ ಒಟ್ಟಿಗೆ ಹಾಕಿ ಕೊನೆಗೆ ತಿರುಗಿಸುವವರಿಗೆ ಈ ಸುಳಿವು ಸಿಗುವುದಿಲ್ಲ.

ಹಂತ 5: ಆಯಿಲ್ ಪಂಪ್, ಸ್ಟ್ರೈನರ್, ಚೇಂಬರ್

ಆಯಿಲ್ ಲೈಟ್ ಆರದಿರುವುದರ ಮೂಲ ಹೆಚ್ಚಾಗಿ ಇಲ್ಲಿ. ಪಂಪಿನ ಗೇರುಗಳ ನಡುವೆ ಒಣ ಗಾಳಿಯೇ ತುಂಬಿದ್ದರೆ ಅದು ಆಯಿಲನ್ನು ಮೇಲೆಳೆಯಲಾರದು. ಕೂರಿಸುವ ಮೊದಲು ಗೇರುಗಳ ಸಂದಿಗೆ ವ್ಯಾಸಲಿನ್ ತುಂಬಿ. ಗ್ರೀಸ್ ಬೇಡ, ಅದು ಆಯಿಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಪಂಪಿನ ಸೀಲ್ ತುಟಿಗೆ ಆಯಿಲ್ ಸವರಿ, ಕ್ರ್ಯಾಂಕ್ ಮೂತಿಯ ಮೇಲೆ ತಳ್ಳುವಾಗ ತುಟಿ ಮಡಚದಂತೆ ನೋಡಿ.

ಸ್ಟ್ರೈನರ್ ಪೈಪಿನ ಓ-ರಿಂಗ್ ಹೊಸದೇ ಆಗಬೇಕು. ಹಳೆಯದು ಕಣ್ಣಿಗೆ ಚೆನ್ನಾಗಿ ಕಂಡರೂ ಗಟ್ಟಿಯಾಗಿ, ಬಿಸಿಯಲ್ಲಿ ಗಾಳಿ ಎಳೆಯುತ್ತದೆ. ಆಗ ಚೇಂಬರಿನಲ್ಲಿ ಆಯಿಲ್ ತುಂಬಿದ್ದರೂ ಒತ್ತಡ ಬರುವುದಿಲ್ಲ.

ಚೇಂಬರಿಗೆ ಸೀಲಂಟ್ ಮೂರು ಮಿ.ಮೀ. ದಪ್ಪದ ಒಂದೇ ಗೆರೆ, ಬೋಲ್ಟ್ ತೂತಿನ ಒಳಬದಿಯಿಂದ. ಬಿಗಿದಾಗ ಹೊರಗೆ ಎಷ್ಟು ಉಕ್ಕುತ್ತದೋ ಒಳಗೂ ಅಷ್ಟೇ ಉಕ್ಕುತ್ತದೆ, ಒಳಗೆ ಉದುರಿದ ತುಣುಕು ನೇರ ಸ್ಟ್ರೈನರಿಗೆ. ಮುಚ್ಚುವ ಮೊದಲು ಕೊನೆಯ ಸಲ ಪ್ರತಿ ಮೇನ್ ಬೋಲ್ಟ್, ರಾಡ್ ನಟ್ ಮೇಲೆ ಟಾರ್ಕ್ ರೆಂಚ್ ಇಟ್ಟು ನೋಡಿ, ಪೇಂಟ್ ಚುಕ್ಕೆ ಇಡಿ. ಚುಕ್ಕೆ ಇಲ್ಲದ ಬೋಲ್ಟ್ ಇದ್ದರೆ ಚೇಂಬರ್ ಏರಬಾರದು.

ಹಂತ 6: ಹೆಡ್

ವಾಲ್ವ್ ಕೂರಿಸಿದ ಹೆಡ್ಡನ್ನು ಮಗುಚಿ, ಸ್ಪಾರ್ಕ್ ಪ್ಲಗ್ ಹಾಕಿ, ದಹನಕೋಣೆಗಳಿಗೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಬಿಡಿ. ಪೋರ್ಟಿನಲ್ಲಿ ಒದ್ದೆ ಕಂಡರೆ ಆ ವಾಲ್ವ್ ಮತ್ತೆ ಗ್ರೈಂಡ್ ಆಗಬೇಕು. ವಾಲ್ವ್ ಸೀಲ್‌ಗಳು ಹೇಗಿದ್ದರೂ ಹೊಸವೇ.

ಹೆಡ್ ಗ್ಯಾಸ್ಕೆಟ್ ಒಣ ಮೇಲ್ಮೈಯ ಮೇಲೆ, ‘ಟಾಪ್’ ಗುರುತು ಮೇಲ್ಮುಖವಾಗಿ. ಸೀಲಂಟ್ ಬಳಿಯಬೇಡಿ. ಗೈಡ್ ಪಿನ್ನುಗಳು ಇವೆಯೇ ನೋಡಿ. ಹೆಡ್ ಇಳಿಸುವಾಗ ಎಲ್ಲ ಪಿಸ್ಟನ್‌ಗಳೂ ಬೋರಿನ ಅರ್ಧಕ್ಕೆ ಬರುವಂತೆ ಕ್ರ್ಯಾಂಕ್ ತಿರುಗಿಸಿಟ್ಟುಕೊಳ್ಳಿ. ಬೋಲ್ಟುಗಳನ್ನು ನಡುವಿನಿಂದ ಸುತ್ತುತ್ತಾ ಹೊರಕ್ಕೆ, ಮೂರು ಸುತ್ತಿನಲ್ಲಿ: ಮೊದಲು 35, ಆಮೇಲೆ 55, ಕೊನೆಗೆ 65ರಿಂದ 70 ನ್ಯೂಟನ್ ಮೀಟರ್. ಗಾಳಿಯ ಇಂಪ್ಯಾಕ್ಟ್ ಗನ್ನನ್ನು ಅಲ್ಯೂಮಿನಿಯಂ ಬ್ಲಾಕಿನ ಹತ್ತಿರವೂ ತರಬೇಡಿ.

ರಾಕರ್ (ವಾಲ್ವನ್ನು ಒತ್ತುವ ತೋಳು) ಕೂರಿಸುವ ಮೊದಲು ಎಲ್ಲ ಟ್ಯಾಪೆಟ್ ಸ್ಕ್ರೂಗಳನ್ನು (ರಾಕರಿಗೂ ವಾಲ್ವಿಗೂ ನಡುವಿನ ಸಂದು ಹೊಂದಿಸುವವು) ಪೂರ್ತಿ ಸಡಿಲ ಮಾಡಿ.

ಹಂತ 7: ಟೈಮಿಂಗ್ ಬೆಲ್ಟ್

ಕ್ರ್ಯಾಂಕ್ ಪುಲ್ಲಿಯ ಚುಕ್ಕೆ ಆಯಿಲ್ ಪಂಪ್ ಮೇಲಿನ ಬಾಣಕ್ಕೆ, ಕ್ಯಾಮ್ (ವಾಲ್ವ್ ತೆರೆಸುವ ದಂಡ) ಪುಲ್ಲಿಯ ಗುರುತು ಹಿಂದಿನ ಕವರಿನ ಮೇಲಿನ ಗುರುತಿಗೆ. ಬೆಲ್ಟ್ ಹಾಕಿ, ಟೆನ್ಷನರ್ ಸ್ಪ್ರಿಂಗ್ ತಾನೇ ಎಳೆಯಲು ಬಿಟ್ಟು, ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡೂ ಗುರುತು ಮತ್ತೆ ಕೂಡಿದರೆ ಮಾತ್ರ ಟೆನ್ಷನರ್ ಬೋಲ್ಟ್ ಬಿಗಿ. ಒಂದು ಹಲ್ಲು ತಪ್ಪಿದ್ದರೂ ಬಿಚ್ಚಿ ಮತ್ತೆ ಹಾಕಿ.

ತಿರುಗಿಸುವಾಗ ಗಟ್ಟಿಯಾಗಿ ಏನಾದರೂ ಅಡ್ಡ ಬಂದರೆ ಬಲ ಹಾಕಬೇಡಿ. ರಿಂಗಿನ ಬಿಗಿತ ಮೆತ್ತಗೆ, ಒಂದೇ ಸಮ ಕೈಗೆ ತಿಳಿಯುತ್ತದೆ. ಲೋಹಕ್ಕೆ ಲೋಹ ತಾಗಿದ್ದು ಕಲ್ಲಿಗೆ ಹಾರೆ ಬಡಿದಂತೆ ನಿಲ್ಲುತ್ತದೆ. ಈ ವ್ಯತ್ಯಾಸ ಕೈಗೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ನಂತರ ಎಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್ ಸಂದು ಇಡಿ. ತಣ್ಣಗಿನ ಅಂಕಿ ಬೇರೆ, ಬಿಸಿಯ ಅಂಕಿ ಬೇರೆ; ಈಗ ಬೇಕಾದ್ದು ಮ್ಯಾನುಯಲ್‌ನಲ್ಲಿರುವ ತಣ್ಣಗಿನದು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಕ್ರಮ) 1-3-4-2.

ಹಂತ 8: ಗಾಡಿಗೆ ಏರಿಸುವುದು

ಫ್ಲೈವೀಲ್ ನಡುವೆ ಗೇರ್‌ಬಾಕ್ಸ್ ಶಾಫ್ಟಿನ ತುದಿಗೆ ಪುಟ್ಟ ಬೇರಿಂಗ್ ಇರುತ್ತದೆ, ಅದನ್ನು ಹೊಸದು ಮಾಡಲು ಇದೇ ಸಮಯ. ಕ್ಲಚ್ ಪ್ಲೇಟನ್ನು ಹಳೇ ಇನ್‌ಪುಟ್ ಶಾಫ್ಟ್ ಅಥವಾ ಅಲೈನ್‌ಮೆಂಟ್ ಟೂಲ್ ತೂರಿಸಿ ನಡುವಿಗೆ ತಂದು ಬಿಗಿಯಿರಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಒಂದು ಬೆರಳಿನಷ್ಟು ಸಂದು ಉಳಿದು ಮುಂದೆ ಹೋಗುತ್ತಿಲ್ಲವೆಂದರೆ ಬೋಲ್ಟ್ ಹಾಕಿ ಎಳೆಯಬೇಡಿ. ಕ್ಲಚ್ ಪ್ಲೇಟ್ ನಡುವಿಗಿಲ್ಲ, ಅಥವಾ ಎರಡರ ಎತ್ತರ ಸಮವಿಲ್ಲ. ಜ್ಯಾಕ್ ಏರಿಳಿಸಿ, ಕ್ರ್ಯಾಂಕ್ ಸ್ವಲ್ಪ ತಿರುಗಿಸಿ ನೋಡಿ. ಸರಿಯಾದಾಗ ಅದು ಕೈಯ ಬಲಕ್ಕೇ ಜಾರಿ ಕೂರುತ್ತದೆ. ಎಳೆದವರು ಗೇರ್‌ಬಾಕ್ಸಿನ ಕಿವಿ ಮುರಿದುಕೊಂಡಿದ್ದಾರೆ.

ಹೋಸ್, ವೈರ್, ಕೇಬಲ್ ಜೋಡಿಸುವುದನ್ನು ಬಿಚ್ಚುವಾಗ ತೆಗೆದ ಫೋಟೋ ನೋಡಿ ಮಾಡಿ, ಹೆಚ್ಚು ಹೇಳುವುದಿಲ್ಲ. ಆದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಸಿಕ್ಕ ದಾರಿ ಹಿಡಿಯುತ್ತದೆ. ಕ್ರ್ಯಾಂಕ್ ಮಾಡುವಾಗ ಕೇಬಲ್ ಬಿಸಿಯಾದರೆ, ಹೊಗೆಯಾಡಿದರೆ ತಕ್ಷಣ ಬ್ಯಾಟರಿ ಕಳಚಿ.

ರೇಡಿಯೇಟರಿಗೆ ಬಾವಿಯ ನೀರು ಬೇಡ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಪಾಲು. ಬರೀ ನೀರು ಅಲ್ಯೂಮಿನಿಯಂ ದಾರಿಗಳನ್ನು ಒಳಗಿಂದ ತಿನ್ನುತ್ತದೆ.

ಹಂತ 9: ಮೊದಲ ಸ್ಟಾರ್ಟ್

ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಇನ್ನೊಬ್ಬರು ಜೊತೆಗಿರಲಿ, ಒಬ್ಬರ ಕಣ್ಣು ಆಯಿಲ್ ಲೈಟಿನ ಮೇಲೆ, ಇನ್ನೊಬ್ಬರದು ಎಂಜಿನ್ ಮೇಲೆ.

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಾಯಿಲ್ ಕಳಚಿ. ರಾಕರ್ ಕವರ್ ತೆರೆದಿರಲಿ. ಹತ್ತು ಸೆಕೆಂಡ್ ಸ್ಟಾರ್ಟರ್, ಒಂದು ನಿಮಿಷ ವಿರಾಮ. ಮೂರು ನಾಲ್ಕು ಸಲಕ್ಕೆ ಆಯಿಲ್ ಲೈಟ್ ಆರಬೇಕು, ರಾಕರುಗಳ ಸಂದಿಯಿಂದ ಆಯಿಲ್ ಒಸರುವುದು ಕಾಣಬೇಕು. ಅದು ಕಾಣುವ ತನಕ ಪ್ಲಗ್ ಹಾಕಬೇಡಿ. ಎಂಟು ಹತ್ತು ಸಲಕ್ಕೂ ಬರದಿದ್ದರೆ ಹಂತ 5ಕ್ಕೆ ಹಿಂದಿರುಗಿ. ‘ಸ್ಟಾರ್ಟ್ ಆದ್ರೆ ಬರುತ್ತೆ ಬಿಡಿ’ ಎನ್ನುವ ಸಲಹೆ ನಿಮಗೂ ಸಿಗುತ್ತದೆ, ಆ ಮಾತು ಕೇಳಿದ ದಿನವೇ ಬೇರಿಂಗ್ ಹೋದ ಎಂಜಿನ್ ನನ್ನ ಶೆಡ್ಡಿಗೆ ಬಂದಿದೆ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ ಮೇಲೆ ಹತ್ತು ಸೆಕೆಂಡಿನೊಳಗೆ ಲೈಟ್ ಆರದಿದ್ದರೆ ಆಫ್. ಆರಿದರೆ ಐಡಲ್‌ನಲ್ಲಿ ಬಿಡದೆ ಸುಮಾರು 1500ರಿಂದ 2000 ಆರ್‌ಪಿಎಂನಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಕ್ಯಾಮ್ ಮತ್ತು ರಾಕರಿಗೆ ಆಯಿಲ್ ಧಾರಾಳ ಸಿಗುವುದು ಆ ವೇಗದಲ್ಲಿ. ಜೋಡಣೆಗೆ ಸವರಿದ ಆಯಿಲ್ ಸುಟ್ಟು ಸ್ವಲ್ಪ ಹೊಗೆ ಬರುತ್ತದೆ, ಹೆದರಬೇಡಿ. ಇಪ್ಪತ್ತು ನಿಮಿಷವಾದರೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ರೇಡಿಯೇಟರ್ ಬಾಯಲ್ಲಿ ಒಂದೇ ಸಮ ಗುಳ್ಳೆ ಬರುತ್ತಿದ್ದರೂ ಅದೇ ಅನುಮಾನ.

ಸದ್ದುಗಳಲ್ಲಿ ಮೇಲಿನಿಂದ ಬರುವ ತೆಳು ‘ಟಿಕ್ ಟಿಕ್’ ಟ್ಯಾಪೆಟ್‌ನದು, ಸಂದು ನೋಡಿ ಸರಿಪಡಿಸಬಹುದು. ಕೆಳಗಿನಿಂದ, ಆಕ್ಸಿಲರೇಟರ್ ಒತ್ತಿದಾಗ ಏರುವ ದಪ್ಪ ಗುದ್ದು ಬೇರಿಂಗಿನದು. ಅದನ್ನು ಕೇಳಿದ ಮೇಲೆ ಇನ್ನೊಂದು ಸಲ ಚಾವಿ ತಿರುಗಿಸಬೇಡಿ.

ಹಂತ 10: ಮೊದಲ ಸಾವಿರ ಕಿಲೋಮೀಟರ್

ಮೊದಲ ತುಂಬಿಗೆ ಮಿನರಲ್ ಆಯಿಲ್ ಸಾಕು, ದುಬಾರಿ ಸಿಂಥೆಟಿಕ್ ಈಗ ಬೇಡ. ರಿಂಗ್‌ಗಳು ಗೋಡೆಗೆ ಹೊಂದಿಕೊಳ್ಳಬೇಕಾದರೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು, ತೀರಾ ಮೆತ್ತಗೂ ಓಡಿಸಬಾರದು. ಏರು ಬಂದಾಗ ಗೇರ್ ಇಳಿಸಿ, ಎಂಜಿನ್ ಏದುಸಿರು ಬಿಡದಂತೆ ಹತ್ತಿಸಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯಿರಿ. ತೋಟದ ಲೋಡ್ ಮತ್ತು ಟ್ರೈಲರ್ ಸಾವಿರ ಕಿಲೋಮೀಟರ್ ಕಾಯಲಿ.

500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಹಳೇ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಬಿಡಿಸಿ ನೋಡಿ. ಹಿಟ್ಟಿನಂತಹ ನುಣ್ಣನೆ ಬೂದು ಇರುತ್ತದೆ, ಅದು ಹೊಸ ರಿಂಗಿನದು. ಉಗುರಿಗೆ ಸಿಗುವಂಥ ಹೊಳೆಯುವ ಚಕ್ಕೆ, ಅದರಲ್ಲೂ ತಾಮ್ರದ ಬಣ್ಣದ್ದು ಕಂಡರೆ ಚೇಂಬರ್ ಬಿಚ್ಚಿ ಶೆಲ್ ನೋಡಲೇಬೇಕು.

ಸಾವಿರ ಕಿಲೋಮೀಟರಿಗೆ ಟ್ಯಾಪೆಟ್ ಮತ್ತೆ ಸರಿಪಡಿಸಿ, ಬಿಸಿ ಎಂಜಿನ್ನಿನ ಕಂಪ್ರೆಷನ್ ಅಳೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ಹೊಡೆಯಿರಿ. ಪ್ರತಿ ಚದರ ಸೆಂಟಿಮೀಟರಿಗೆ 14 ಕೆ.ಜಿ. ಆಸುಪಾಸು ಬರಬೇಕು. 12ಕ್ಕಿಂತ ಕೆಳಗೆ ಇಳಿದ ಸಿಲಿಂಡರ್ ಇರಬಾರದು, ಒಂದಕ್ಕೂ ಇನ್ನೊಂದಕ್ಕೂ 1ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ತೊಂದರೆ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನದು. ನಾಲ್ಕೂ ಅಂಕಿಗಳನ್ನು ಆಯಾ ಸಿಲಿಂಡರಿನ ಪುಟದಲ್ಲೇ, ಬೋರ್ ಅಳತೆಯ ಕೆಳಗೆ, ತಾರೀಖು ಹಾಕಿ ಬರೆದಿಡಿ.